ಹಸಿಗೋಡೆಯ ಸೈಕಲ್ ಕೋಣೆ

ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ, ಬೆಟ್ಟದೂರು ಚುಸ್ಕಾಲಿನಲ್ಲಿ ಊರಿಗೆ ಊರೇ ಕೈಯಲ್ಲಿ ಗರಿ ಹಿಡಿದು ಪೂಜೆಗೆ ನಿಂತಿದ್ದಾಗ, ಪಾರ್ಮೆನಿಯೊನ ಹಿತ್ತಲಿನ ತಗಡಿನ ಮಾಡಿನಡಿಯಿಂದ ಮಗಳ ರೇಸಿನ ಸೈಕಲ್ಲು ಮಾಯವಾಯಿತು. ಅವನ ಹಳೆಯ ಕಬ್ಬಿಣದ ಸೈಕಲ್ಲನ್ನಾಗಲಿ, ಹೆಂಡತಿ ರೊಸಾಲ್ಬಿನಾ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುವ ಸೈಕಲ್ಲನ್ನಾಗಲಿ ಕಳ್ಳ ಮುಟ್ಟಿರಲಿಲ್ಲ. ಹೋಗುವಾಗ ಹಿತ್ತಲ ಗೇಟನ್ನು ಎಳೆದುಕೊಂಡು ಅಗುಳಿ ಹಾಕಿಯೇ ಹೋಗಿದ್ದ. ಪಾರ್ಮೆನಿಯೊನ ಎದೆಯಲ್ಲಿ ಮುಳ್ಳಾಗಿ ಉಳಿದದ್ದು ಆ ಹಾಕಿದ ಅಗುಳಿ.

ಅದು ಸಾಮಾನ್ಯ ಅಗುಳಿಯಲ್ಲ. ಹೊರಗಿನಿಂದ ಬಂದವನು ಹಲಗೆಯ ತೂತಿನಲ್ಲಿ ಬೆರಳು ತೂರಿಸಿ ಎಷ್ಟು ತಳ್ಳಿದರೂ ಅದು ಜಗ್ಗುವುದಿಲ್ಲ. ಬೆರಳಲ್ಲಿ ಮೇಲೆತ್ತಿ, ತಳ್ಳುವ ಬದಲು ತನ್ನ ಕಡೆಗೇ ಎಳೆದು, ಒಂದು ಉಸಿರಿನಷ್ಟು ಹೊತ್ತು ತಡೆದು ಬಿಡಬೇಕು. ಆಗ ಒಳಗಿನ ಮರದ ನಾಲಿಗೆ ತಾನಾಗಿ ಜಾರುತ್ತದೆ. ಅದನ್ನು ಹದಿನೆಂಟು ವರ್ಷದ ಹಿಂದೆ ವಾಲ್ನಟ್ ಮರದಲ್ಲಿ ಕೆತ್ತಿ ಉಡುಗೊರೆಯಾಗಿ ತಂದುಕೊಟ್ಟವನು ಬಡಗಿ ಒತೊನಿಯೆಲ್. ಮಗಳು ಅನಾಯಿಸಳ ದೀಕ್ಷಾಸ್ನಾನದ ದಿನ ಕೂಸನ್ನು ಎತ್ತಿ ಹಿಡಿದ ಜ್ಞಾನತಂದೆಯೂ ಅವನೇ. ಆ ದಿನದಿಂದ ಇಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದಿಲ್ಲ. ಮಗುವಿನ ತಂದೆಯೂ ಜ್ಞಾನತಂದೆಯೂ ಕರೆದುಕೊಳ್ಳುವಂತೆ, ಇವನಿಗೆ ಅವನು ಕೊಂಪಾದ್ರೆ, ಅವನಿಗೆ ಇವನು ಕೊಂಪಾದ್ರೆ.

ಅಗುಳಿಯ ಗುಟ್ಟು ಗೊತ್ತಿದ್ದದ್ದು ಮನೆಯ ಮೂವರಿಗೆ ಮತ್ತು ಅವನಿಗೆ. ಮನೆಯ ಮೂವರೂ ಆವತ್ತು ಪೂಜೆಯಲ್ಲಿದ್ದರು. ಒತೊನಿಯೆಲ್ ಮಾತ್ರ ಮೊಣಕಾಲು ನೋವೆಂದು ಬಂದಿರಲಿಲ್ಲ.

ಪಾರ್ಮೆನಿಯೊ ಇದನ್ನು ಯಾರಿಗೂ ಹೇಳಲಿಲ್ಲ. ಸಂಜೆ ಜಪಸರ ಹಿಡಿದು ಕುಳಿತಾಗ ಮಣಿಯ ಮೇಲೆ ಮಣಿ ಜಾರುತ್ತಿತ್ತು, ಅದರ ಜೊತೆಗೇ ಈ ಲೆಕ್ಕವೂ ಜಾರುತ್ತಿತ್ತು. ನಾಲ್ವರು, ನಾಲ್ವರಲ್ಲಿ ಮೂವರು ಪೂಜೆಯಲ್ಲಿ. ಪ್ರಾರ್ಥನೆ ಎಲ್ಲಿಗೆ ಬಂತೆಂಬುದು ಮರೆತು ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದ.

ಈಸ್ಟರ್ ಕಳೆದ ವಾರ ಸೊಗಾಮೊಸೊ ಪಟ್ಟಣದಿಂದ ಸೈಕಲ್ ತರಬೇತುದಾರಳು ಯೊಲಿಮಾ ಬಂದಳು. ಕಳುವಾದದ್ದು ಅವಳ ಸಂಘ ಅನಾಯಿಸಳಿಗೆ ಕೊಟ್ಟಿದ್ದ ಸೈಕಲ್ಲೇ. ಬೆಟ್ಟದ ದಾರಿಯಲ್ಲಿ ಹುಡುಗಿಯ ಉಸಿರು ಎಷ್ಟು ಗಟ್ಟಿ ಎಂದು ಕಂಡು ತಾನೇ ಹಟ ಹಿಡಿದು ಕೊಡಿಸಿದ್ದು. ರೊಸಾಲ್ಬಿನಾ ಕೊಟ್ಟ ಬಿಸಿ ಬೆಲ್ಲದ ನೀರಿನಲ್ಲಿ ಗಿಣ್ಣಿನ ತುಂಡು ಮುಳುಗಿಸುತ್ತ ಅವಳು ಹೇಳಿದಳು:

"ನೋಡಿ ದೋನ್ ಪಾರ್ಮೆನಿಯೊ, ಇನ್ನೊಂದು ಸೈಕಲ್ ಇದೆ. ಒಂದೇ ಒಂದು. ಸಂಘದವರು ಅದನ್ನ ತೊಪಾಗಾದ ಹುಡುಗಿಗೆ ಕೊಡಿ ಅಂತಿದ್ದಾರೆ. ನಾನು ಇವಳಿಗೇ ಅಂತ ಕೂತಿದೀನಿ. ಆದ್ರೆ ಇಡೋದೆಲ್ಲಿ? ಆ ತಗಡಿನಡಿ ಕೋಳಿಗಳ ಜೊತೆ ಅಂದ್ರೆ ನನ್ನ ಮುಖಕ್ಕೇ ನಗ್ತಾರೆ."

"ಕೋಣೆ ಕಟ್ತೀನಿ," ಎಂದ ಪಾರ್ಮೆನಿಯೊ.

"ನಾಲ್ಕು ಗೋಡೆ, ಮಾಡು, ಬಾಗಿಲು, ಬೀಗ. ಶಿಲುಬೆ ಹಬ್ಬ ಮುಗಿದ ಮುಂದಿನ ಭಾನುವಾರ ಸೈಕಲ್ ಜೀಪಿಗೆ ಹಾಕ್ಕೊಂಡೇ ಬರ್ತೀನಿ. ಕೋಣೆ ನೋಡ್ತೀನಿ. ಸರಿ ಇದ್ರೆ ಇಲ್ಲಿಳಿಸ್ತೀನಿ, ಇಲ್ದಿದ್ರೆ ಎರಡು ಗಂಟೆಗೆ ಹೊರಟು ತೊಪಾಗಾದಲ್ಲಿ ಇಳಿಸ್ತೀನಿ. ಬೇಜಾರು ಮಾಡ್ಕೋಬೇಡಿ."

ಅನಾಯಿಸ್ ಒಲೆಯ ಪಕ್ಕ ನಿಂತಿದ್ದಳು. ಜೂನ್ ತಿಂಗಳ ರೇಸಿಗೆ ಅವಳ ಹೆಸರು ಬರೆಸಿಯಾಗಿತ್ತು. ಅಪ್ಪನ ಕಬ್ಬಿಣದ ಸೈಕಲ್ಲಿನಲ್ಲಿ ದಿನಾ ಬೆಳಿಗ್ಗೆ ಘಟ್ಟ ಹತ್ತಿ ಇಳಿಯುತ್ತಿದ್ದಳು. ಹತ್ತುವಾಗ ಆ ಸೈಕಲ್ಲು ಕತ್ತೆಯಂತೆ ಅರಚುತ್ತಿತ್ತು. ಈಗ ಅವಳು ಅಪ್ಪನ ಕಡೆ ನೋಡಿ ಒಲೆಗೆ ಒಂದು ಕೊಳ್ಳಿ ಮುಂದೆ ಮಾಡಿದಳು ಅಷ್ಟೆ.

"ಸಿಮೆಂಟ್ ಇಟ್ಟಿಗೆ ತರಿಸಿಬಿಡಿ," ಎಂದಳು ರೊಸಾಲ್ಬಿನಾ ಅತಿಥಿ ಹೋದ ಮೇಲೆ. "ಮೂರು ದಿನದ ಕೆಲ್ಸ."

ಪಾರ್ಮೆನಿಯೊ ಕೆರಳಿದ. ಮೂವತ್ತೈದು ವರ್ಷದಿಂದ ಆ ಕಣಿವೆಯಲ್ಲಿ ಮಣ್ಣಿಗೆ ದಿಮ್ಮಸು ಹೊಡೆದು ಗೋಡೆ ಎಬ್ಬಿಸಿದವನು ಅವನು. ಎರಡು ಉದ್ದ ಹಲಗೆಗಳನ್ನು ಎದುರುಬದುರು ನಿಲ್ಲಿಸಿ, ನಡುವೆ ಹದವಾದ ಮಣ್ಣು ಸುರಿದು, ಮರದ ದಿಮ್ಮಸಿನಿಂದ ಕುಟ್ಟಿ ಕುಟ್ಟಿ ಕಲ್ಲಾಗಿಸಿ, ಹಲಗೆ ಬಿಚ್ಚಿ ಮೇಲಿನ ವರಸೆಗೆ ಹೋಗುವ ಕೆಲಸ. ಅವನ ಅಜ್ಜ ಕುಟ್ಟಿದ ಗೋಡೆಗಳಲ್ಲಿ ಈಗಲೂ ಜನ ವಾಸವಾಗಿದ್ದಾರೆ.

"ಸಿಮೆಂಟ್ ಇಟ್ಟಿಗೆನಾ? ಸುತ್ತಿಗೆ ತಗೊಂಡ್ರೆ ಐದು ನಿಮಿಷ. ಮೂರು ಗೇಣು ದಪ್ಪದ ಮಣ್ಣಿನ ಗೋಡೆ ಕೊರೀಬೇಕಾದ್ರೆ ಕಳ್ಳನಿಗೆ ಬುತ್ತಿ ಕಟ್ಟಿ ಕಳಿಸ್ಬೇಕು ಅವನ ಹೆಂಡ್ತಿ."

"ಸರಿ, ಸರಿ. ನಿಮ್ಮ ಗೋಡೆ ನಿಮ್ಮ ಬಾಯಿಗಿಂತ ಬೇಗ ಏಳಲಿ."

ಅಷ್ಟು ಬೇಗ ಏಳಬೇಕಾದರೆ ಮುಯ್ಯಾಳೇ ಗತಿ. ಶನಿವಾರ ಬನ್ನಿ ಎಂದು ಹೇಳಿಕಳಿಸಿದರೆ ಸಾಕು, ಮೇಲಿನ ಓಣಿಯವರು, ಕೆಳಗಿನ ಓಣಿಯವರು, ತಮ್ಮ ತಮ್ಮ ಗುದ್ದಲಿ ಬುಟ್ಟಿ ತೆಗೆದುಕೊಂಡು ಬರುತ್ತಾರೆ. ಅವರ ಮನೆಗೆ ಗೋಡೆ ಬೇಕಾದಾಗ ಇವರು ಹೋಗುತ್ತಾರೆ. ಬಂದವರನ್ನು ಬೇಡ ಎನ್ನುವಂತಿಲ್ಲ. ಬಂದವರು ಊಟ ಮಾಡದೆ ಹೋಗುವಂತಿಲ್ಲ. ಈ ಎರಡು ಮಾತು ಮೀರಿದವರನ್ನು ಪಾರ್ಮೆನಿಯೊ ತನ್ನ ಆಯುಷ್ಯದಲ್ಲಿ ನೋಡಿರಲಿಲ್ಲ.

ಆ ಶನಿವಾರ ಬೆಳಿಗ್ಗೆ ಮೊದಲು ಬಂದವನು ಒತೊನಿಯೆಲ್. ಹೆಗಲ ಮೇಲೆ ತನ್ನದೇ ದಿಮ್ಮಸು, ತಲೆಗೆ ಟೋಪಿ, ಕುಂಟುತ್ತಿದ್ದ ಕಾಲು.

"ಏನ್ ಕೊಂಪಾದ್ರೆ, ಮಣ್ಣಿನ ಮೇಲೆ ಮಳೆ ಬಿದ್ದಿದೆ. ಸ್ವಲ್ಪ ಹೆಚ್ಚೇ ಒದ್ದೆ ಅನ್ಸುತ್ತೆ," ಎಂದು ಒಂದು ಹಿಡಿ ಮಣ್ಣೆತ್ತಿ ಅಂಗೈಯಲ್ಲಿ ಅದುಮಿ ನೋಡಿದ.

"ನನಗೆ ಮಣ್ಣು ಕಲಿಸ್ತೀರಾ?" ಎಂದ ಪಾರ್ಮೆನಿಯೊ. ಮಾತು ಬೇಕಾದ್ದಕ್ಕಿಂತ ಒರಟಾಗಿ ಬಂತು. ಒತೊನಿಯೆಲ್ ಮಣ್ಣು ಉದುರಿಸಿ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಅಗೆದವರು ಅಗೆದರು, ಹೊತ್ತವರು ಹೊತ್ತರು. ಬುಟ್ಟಿಗಳು ಸಲೀಸಾಗಿ ಬರಲೆಂದು ಹಿತ್ತಲ ಗೇಟನ್ನು ತೆರೆದು ಕಲ್ಲು ಒತ್ತಿ ನಿಲ್ಲಿಸಿದ್ದರು. ಹಲಗೆಗಳ ನಡುವೆ ಮೂವರು ನಿಂತು ಕುಟ್ಟುವುದು ರೂಢಿ. ನಡುವೆ ಪಾರ್ಮೆನಿಯೊ, ಆ ತುದಿಗೆ ಒತೊನಿಯೆಲ್, ಈ ತುದಿಗೆ ಹಾಲಿನ ಲಾರಿಯ ಮಿಸಾಯೆಲ್. ಕುಟ್ಟು ಒಂದೇ ಲಯದಲ್ಲಿ ಬೀಳಬೇಕಾದರೆ ಪದ ಬೇಕು. ಒಬ್ಬ ನಾಲ್ಕು ಸಾಲಿನ ಪದ ಎತ್ತುತ್ತಾನೆ, ಇನ್ನೊಬ್ಬ ಅದಕ್ಕೆ ಅದೇ ಧಾಟಿಯಲ್ಲಿ ಉತ್ತರ ಕೊಡುತ್ತಾನೆ. ಹೆಂಡತಿಯ ಅಡುಗೆ, ಬೋಳು ತಲೆ, ಕುಂಟ ಹೋರಿ, ಯಾವುದನ್ನಾದರೂ ಎತ್ತಿ ಆಡಬಹುದು, ಯಾರೂ ಸಿಟ್ಟಾಗುವಂತಿಲ್ಲ. ಮಾತಿನಲ್ಲಿ ಹೇಳಲಾಗದ್ದನ್ನು ಪದದಲ್ಲಿ ಹೇಳಿಬಿಡಬಹುದು. ಎತ್ತಿದವನಿಗೆ ನಾಲ್ಕನೆಯ ಸಾಲು ಸಿಗದೆ ನಿಂತರೆ ಕೇಳುವವನು ಅದನ್ನು ತುಂಬಿಕೊಡಬೇಕು. ತುಂಬದೆ ಸುಮ್ಮನಿದ್ದರೆ ಮುಖ ತಿರುಗಿಸಿದಂತೆಯೇ.

ಪಾರ್ಮೆನಿಯೊ ಇದನ್ನು ಕಲಿತದ್ದು ಅಜ್ಜಿಯ ಮಡಿಲಲ್ಲಿ. ಅವಳು ಓದು ಬಾರದವಳು. ಸಂತರ ಕಥೆಯನ್ನೂ ಆಲೂಗಡ್ಡೆ ಬಿತ್ತುವ ಕಾಲವನ್ನೂ ಒಂದೇ ದನಿಯಲ್ಲಿ ಪದವಾಗಿ ಹೇಳುತ್ತಿದ್ದಳು. ಪದವಾದದ್ದು ಸುಳ್ಳಾಗಬಾರದು ಎಂದೂ ಹೇಳಿದ್ದಳು. ಆವತ್ತು ಅದು ನೆನಪಾಗಲಿಲ್ಲ.

ಬೆಳಗಿನ ನಗೆಯೆಲ್ಲ ಮುಗಿದು, ಮೂರನೆಯ ವರಸೆ ಏರುತ್ತಿದ್ದಾಗ, ಪಾರ್ಮೆನಿಯೊ ದಿಮ್ಮಸಿನ ಏಟಿಗೆ ಏಟು ಕೂಡಿಸಿ ಎತ್ತಿದ:

ಹಿತ್ತಲ ಅಗುಳಿಯ ಗುಟ್ಟು ನಾಲ್ವರ ಪಾಲು,
ಸುತ್ತಿನ ಊರಿಗೆ ತಿಳಿಯದದರ ಕೀಲು;
ಕೆತ್ತಿದ ಕೈಗೆ ಕದವೇನು ದೊಡ್ಡದು?
ಹೊತ್ತೊಯ್ದ ಸೈಕಲ್ಲು ಯಾವ ಹಾದಿ ಹಿಡಿದದ್ದು?

ಮಿಸಾಯೆಲ್ ನಗಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಬುಟ್ಟಿ ಹೊತ್ತವರು ನಿಂತರು. ಒತೊನಿಯೆಲ್ ಮಾತ್ರ ಕುಟ್ಟುವುದನ್ನು ನಿಲ್ಲಿಸಲಿಲ್ಲ. ಒಂದು ಏಟು, ಎರಡು, ಮೂರು. ತನ್ನ ಪಾಲಿನ ಮೂಲೆಯನ್ನು ಅಂಚಿನವರೆಗೂ ಗಟ್ಟಿ ಮಾಡಿದ. ಆಮೇಲೆ ತಲೆ ಎತ್ತದೆ, ದನಿ ಏರಿಸದೆ ಹೇಳಿದ:

ಮಣ್ಣಿನ ಗೋಡೆಗೆ ಬೇಕು ಹದದ ನೀರು,
ಕಣ್ಣಿನ ಗೋಡೆಗೆ ಸಂಶಯವೇ ತಾಯಿಬೇರು;
ಹಣ್ಣಾದ ನೆಂಟು ಉದುರಿತು ತೊಟ್ಟು ಬಿಟ್ಟು,
ಉಣ್ಣುವವರು ಉಣ್ಣಲಿ, ನಾ ನಡೆವೆ ದಿಮ್ಮಸು ಇಟ್ಟು.

ದಿಮ್ಮಸನ್ನು ಗೋಡೆಗೆ ಒರಗಿಸಿದ. ಹಲಗೆ ದಾಟಿ ಇಳಿದ. ಕುಂಟುತ್ತ, ತೆರೆದಿದ್ದ ಗೇಟಿನಿಂದ ಬೆಟ್ಟದ ದಾರಿ ಹಿಡಿದ. ಅಡುಗೆಮನೆಯ ಮುಂದೆ ದೊಡ್ಡ ಗಡಿಗೆಯಲ್ಲಿ ಹಂದಿಯ ಬೆನ್ನೆಲುಬು ಹಾಕಿದ ಗೋಧಿನುಚ್ಚಿನ ಗಂಜಿ ಕುದಿಯುತ್ತಿತ್ತು. ಸೌಟು ಹಿಡಿದು ನಿಂತಿದ್ದ ರೊಸಾಲ್ಬಿನಾ ಅವನನ್ನು ಕೂಗಿದಳು, ಅವನು ತಿರುಗಲಿಲ್ಲ.

ಮಧ್ಯಾಹ್ನ ಎಲ್ಲರೂ ಉಂಡರು. ಯಾರೂ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ.

"ನಿಮಗೆ ಏನಾಗಿತ್ತು?" ಎಂದಳು ರೊಸಾಲ್ಬಿನಾ, ಜನ ಹೋದ ಮೇಲೆ. "ಅವನು ನಿಮ್ಮ ಮಗಳನ್ನ ಎತ್ತಿ ಹಿಡಿದೋನು."

"ಪದದಲ್ಲಿ ಹೇಳ್ದೆ. ಪದಕ್ಕೆ ಯಾರೂ ಸಿಟ್ಟು ಮಾಡ್ಕೋಬಾರ್ದು."

"ಅವನು ಸಿಟ್ಟು ಮಾಡ್ಕೊಳ್ಲಿಲ್ಲ. ಊಟ ಬಿಟ್ಟ. ಅದು ಬೇರೆ."

ಅನಾಯಿಸ್ ಆವತ್ತು ಅಪ್ಪನೊಡನೆ ಮಾತಾಡಲಿಲ್ಲ. ಮಾರನೆಯ ದಿನ ಮಾತಾಡಿದಳು, ಆದರೆ ಸುತ್ತಿಗೆ ಎಲ್ಲಿ, ಮೊಳೆ ಎಲ್ಲಿ ಎಂಬಷ್ಟೇ.

ಗೋಡೆ ಎದ್ದಿತು. ಅಂಥ ಕೋಣೆಯನ್ನು ಪಾರ್ಮೆನಿಯೊ ತನ್ನ ಕೈಯಾರೆ ಹಿಂದೆಂದೂ ಕಟ್ಟಿರಲಿಲ್ಲ. ಒಂದು ಕಿಟಕಿಯೂ ಇಲ್ಲ. ಹಲಗೆಗಳನ್ನು ಹಿಡಿದಿಟ್ಟ ಅಡ್ಡಗೋಲುಗಳನ್ನು ಎಳೆದ ಮೇಲೆ ಗೋಡೆಯಲ್ಲಿ ಉಳಿಯುವ ತೂತುಗಳಿರುತ್ತವಲ್ಲ, ಮನೆಗಳಲ್ಲಿ ಅವನ್ನು ತಿಂಗಳುಗಟ್ಟಲೆ ಹಾಗೇ ಬಿಡುತ್ತಾರೆ. ಕಳ್ಳ ಅದರೊಳಗೆ ತಂತಿ ತೂರಿಸಿಯಾನು ಎಂದು ಇವನು ಆ ವಾರವೇ ಒಂದೊಂದಕ್ಕೂ ಕಲ್ಲು ಗಿಡಿದು ಮಣ್ಣು ಮೆತ್ತಿದ. ಹೆಂಚು ಸರಿಸಿ ಇಳಿದಾರು ಎಂದು ಹೆಂಚಿನ ಕೆಳಗೆ ಬಿದಿರು, ಬಿದಿರಿನ ಕೆಳಗೆ ಹಲಗೆ ಹೊಡೆದ. ನೆಲದ ನಡುವೆ, ಹಿಂದೆ ಹೋರಿ ಕಟ್ಟುತ್ತಿದ್ದ ಕಬ್ಬಿಣದ ಬಳೆಯ ಕಲ್ಲನ್ನು ಅರ್ಧ ಆಳು ಆಳಕ್ಕೆ ಹೂತ, ಸರಪಳಿ ಹಾಕಿ ಸೈಕಲ್ ಬಿಗಿಯಲು. ಬಾಗಿಲು ಮಾತ್ರ ತೊಂದರೆ ಕೊಟ್ಟಿತು. ಊರಿಗೊಬ್ಬನೇ ಬಡಗಿ, ಅವನ ಹತ್ತಿರ ಹೋಗುವಂತಿರಲಿಲ್ಲ. ನೀಲಗಿರಿ ಹಲಗೆ ತಂದು ತಾನೇ ಹೊಡೆದ. ಅದು ಮೇಲೊಂದು ಕಡೆ, ಕೆಳಗೊಂದು ಕಡೆ ಮುಖ ಮಾಡಿಕೊಂಡು ನಿಂತಿತು. ಆ ಸೊಟ್ಟ ಬಾಗಿಲಿಗೆ ಅಡ್ಡಲಾಗಿ ಎರಡು ಕಬ್ಬಿಣದ ಪಟ್ಟಿ, ಒಳಗೊಂದು ಚಿಲಕ, ಹೊರಗೆ ಮುಷ್ಟಿಗಾತ್ರದ ಬೀಗ.

ಶಿಲುಬೆ ಹಬ್ಬದ ಬೆಳಿಗ್ಗೆ, ಕಟ್ಟಡ ಮುಗಿಸಿದವರೆಲ್ಲ ಮಾಡುವಂತೆ, ಹೂ ಸುತ್ತಿದ ಮರದ ಶಿಲುಬೆಯೊಂದನ್ನು ಮಾಡಿನ ತುದಿಗೆ ಕಟ್ಟಿದ. ರೊಸಾಲ್ಬಿನಾ ಪವಿತ್ರ ಜಲ ಚಿಮುಕಿಸಿದಳು. ಬೀಗ ಹಾಕಿ ಕೀಲಿಕೈಯನ್ನು ಜಪಸರದ ಜೊತೆ ಕೊರಳಿಗೆ ನೇತುಹಾಕಿಕೊಂಡ. ಎಂಟು ದಿನ ಆ ಬಾಗಿಲನ್ನು ತೆರೆಯಲಿಲ್ಲ. ಒತೊನಿಯೆಲ್ಲನ ದಿಮ್ಮಸು ಗೋಡೆಗೆ ಒರಗಿದ್ದದ್ದು ಒರಗಿದಂತೆಯೇ ಇತ್ತು. ಅದನ್ನು ಮುಟ್ಟಲು ಅವನಿಗೆ ಕೈ ಬರಲಿಲ್ಲ.

ಭಾನುವಾರ ಬಂತು. ಪೂಜೆ ಮುಗಿಸಿ ಬಂದು, ಶುಭ್ರ ಅಂಗಿಯ ಮೇಲೆ ಕಂಬಳಿ ಹೊದ್ದು, ಪಾರ್ಮೆನಿಯೊ ಮನೆಯ ಮುಂಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತ ಕುಳಿತ. ಹನ್ನೆರಡು ದಾಟಿತು. ಆಗ ಬೆನ್ನ ಹಿಂದೆ, ಹಿತ್ತಲ ಕಡೆಯಿಂದ, ದನಿ ಕೇಳಿತು:

"ಯಾರಾದ್ರೂ ಇದೀರಾ?"

ಯೊಲಿಮಾ ಹಿತ್ತಲ ನಡುವೆ ನಿಂತಿದ್ದಳು. ಮೊಣಕಾಲಿನವರೆಗೆ ಕೆಸರು. ಅವಳ ಹಿಂದೆ ಗೇಟು ಮುಚ್ಚಿತ್ತು, ಅಗುಳಿ ಬಿದ್ದಿತ್ತು.

"ಮುಂದಿನ ರಸ್ತೆ ಕುಸಿದಿದೆ. ಜೀಪನ್ನ ಹಿಂದಿನ ಓಣೀಲೇ ನಿಲ್ಸಿ ಬಂದೆ," ಎಂದಳು.

ಪಾರ್ಮೆನಿಯೊ ಅವಳನ್ನು ನೋಡಿದ, ಗೇಟನ್ನು ನೋಡಿದ. "ಅಗುಳಿ… ಯಾರು ತೆಗೆದ್ರು?"

"ನಾನೇ. ಅಂಗಡಿ ದಿಯೊಸೆಲಿನಾ ಹೇಳ್ಕೊಟ್ರು. 'ತಳ್ಬೇಡಿ ಅಮ್ಮಾ, ಎತ್ತಿ ನಿಮ್ಮ ಕಡೆ ಎಳೀರಿ, ಒಂದುಸಿರು ತಡೆದು ಬಿಡಿ' ಅಂತ. ಚೆನ್ನಾಗಿದೆ, ಮಜವಾಗಿದೆ."

"ದಿಯೊಸೆಲಿನಾಗೆ ಹೆಂಗೆ ಗೊತ್ತು?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರೊಸಾಲ್ಬಿನಾ ಸೊಂಟಕ್ಕೆ ಕಟ್ಟಿದ ಅಡುಗೆಬಟ್ಟೆಗೆ ಕೈ ಒರೆಸಿಕೊಂಡಳು. "ಹೆಂಗೆ ಗೊತ್ತು ಅಂತೀರಾ? ನೀವೇ ತೋರ್ಸಿದ್ದು. ನಿಮ್ಮಮ್ಮ ತೀರಿಕೊಂಡ ಒಂಬತ್ತನೇ ದಿನದ ಪ್ರಾರ್ಥನೆಗೆ ಅವರು ಬಂದಿದ್ರಲ್ಲ. 'ತೆಗೀರಿ ನೋಡೋಣ, ತೆಗೀರಿ ನೋಡೋಣ' ಅಂತ ಗೇಟಿನ ಹತ್ರ ಕರ್ಕೊಂಡು ಹೋದ್ರಿ. ಅವರ ಕೈಲಿ ಆಗ್ಲಿಲ್ಲ. ಆಮೇಲೆ ನೀವು ಮೀಸೆ ತಿರುವ್ಕೊಂಡು ತೆಗೆದು ತೋರ್ಸಿದ್ರಿ."

"ದಿಯೊಸೆಲಿನಾ ಒಬ್ಬಳಿಗೆ—"

"ಪಾದ್ರಿಗೆ. ದನದ ಡಾಕ್ಟ್ರಿಗೆ. ಮಿಸಾಯೆಲ್ಲಿಗೆ, ಅವನ ಲಾರಿ ಕ್ಲೀನರಿಗೆ. ಉಪ್ಪು ಮಾರೋಕೆ ಬರ್ತಿದ್ದ ಆ ಪರವೂರಿನವನಿಗೆ. ಜನಗಣತಿಯವರಿಗೆ. ಹದಿನೆಂಟು ವರ್ಷದಿಂದ ಈ ಹಿತ್ತಲಿಗೆ ಕಾಲಿಟ್ಟೋರಿಗೆಲ್ಲ ತೋರ್ಸಿದೀರಾ. ಆ ಅಗುಳಿ ತೆಗೆಯೋಕೆ ಬರ್ದೇ ಇರೋರು ಈ ಕಣಿವೇಲಿ ಕೋಳಿಗಳು ಮಾತ್ರ."

ಪಾರ್ಮೆನಿಯೊಗೆ ನಿಂತಲ್ಲೇ ಒಂದೊಂದು ಮುಖವೂ ನೆನಪಿಗೆ ಬಂತು. ಪ್ರತಿಯೊಬ್ಬರೂ ತಳ್ಳಿ ಸೋತದ್ದು, ತಾನು ನಕ್ಕದ್ದು, ಆಮೇಲೆ ಬೆರಳು ತೂರಿಸಿ ತೋರಿಸಿದ್ದು. ನಾಲ್ವರ ಲೆಕ್ಕದಲ್ಲಿ ಇವರೊಬ್ಬರೂ ಯಾಕೆ ಬಂದಿರಲಿಲ್ಲ? ತೋರಿಸುವಾಗ ಅವನು ನೋಡುತ್ತಿದ್ದದ್ದು ಅವರನ್ನಲ್ಲ, ತನ್ನ ಕೈಯನ್ನು.

"ಕೋಣೆ ನೋಡೋಣ್ವಾ?" ಎಂದಳು ಯೊಲಿಮಾ.

ಅನಾಯಿಸ್ ಓಡಿಬಂದು ಪಕ್ಕದಲ್ಲಿ ನಿಂತಳು. ಪಾರ್ಮೆನಿಯೊ ಕೊರಳಿನಿಂದ ಕೀಲಿಕೈ ತೆಗೆದು ಬೀಗ ಬಿಚ್ಚಿದ. ಯೊಲಿಮಾ ಗೋಡೆ ಬಡಿದು ನೋಡಿದಳು, ಮಾಡಿನ ಹಲಗೆ ನೋಡಿದಳು, ನೆಲದ ಬಳೆಯನ್ನು ಎರಡೂ ಕೈಯಿಂದ ಜಗ್ಗಿದಳು. "ಅಬ್ಬಾ, ನಮ್ಮ ಸಂಘದ ಕಚೇರಿಗೂ ಇಂಥ ಭದ್ರ ಇಲ್ಲ," ಎಂದಳು. ಅನಾಯಿಸಳ ಮುಖ ಅರಳಿತು.

ಬಳೆಯಿಂದ ತೆಗೆದ ಕೈಯನ್ನು ಯೊಲಿಮಾ ತಿರುಗಿಸಿ ನೋಡಿಕೊಂಡಳು. ಅಂಗೈ ಒದ್ದೆಯಾಗಿತ್ತು, ಕೆಂಪಗಾಗಿತ್ತು. ಬಾಗಿಲ ಹತ್ತಿರ ಹೋಗಿ ಒಳಚಿಲಕ ನೋಡಿದಳು. ಹಬ್ಬದ ದಿನ ಹೊಳೆಯುತ್ತಿದ್ದ ಹೊಸ ಚಿಲಕ ಅಂಚಿನಿಂದ ಅಂಚಿಗೆ ತುಕ್ಕು ಹಿಡಿದಿತ್ತು. ಪಟ್ಟಿಗಳ ಮೇಲೆ ನೀರಿನ ಸಾಸಿವೆಯಂಥ ಹನಿಗಳು ಸಾಲಾಗಿ ಕೂತಿದ್ದವು. ಅವಳು ಅಂಗೈಯನ್ನು ಗೋಡೆಗೆ ಒತ್ತಿ ಸ್ವಲ್ಪ ಹೊತ್ತು ಹಾಗೇ ಇಟ್ಟಳು.

"ದೋನ್ ಪಾರ್ಮೆನಿಯೊ, ಈ ಗೋಡೆ ಬೆವರ್ತಿದೆ. ಈ ಕೋಣೇಲಿ ಒಂದು ವಾರ ಇಟ್ರೆ ಸರಪಳಿ ಹೋಯ್ತು. ತಿಂಗಳಿಟ್ರೆ ಬೇರಿಂಗು, ಕೇಬಲ್ಲು ಎಲ್ಲ ಹೋಯ್ತು. ಕಳ್ಳನಾದ್ರೂ ಸೈಕಲ್ಲನ್ನ ಸೈಕಲ್ಲಾಗೇ ಒಯ್ತಾನೆ."

ಅವನಿಗೆ ಗೊತ್ತಿಲ್ಲದ ವಿಷಯವೇ? ಹೊಸ ಗೋಡೆ ಆರು ತಿಂಗಳು ಉಸಿರು ಬಿಡಬೇಕು, ಅದರೊಳಗೆ ಮಲಗಿದರೆ ಮೂಳೆಗೆ ಶೀತ ಹೊಗುತ್ತದೆ ಎಂದು ಮನೆ ಕಟ್ಟಿಸಿದವರಿಗೆಲ್ಲ ಕೈಹಿಡಿದು ಹೇಳಿದವನು ಅವನೇ. ಮದುವೆಯಾದ ಜೋಡಿಗಳನ್ನು ತಿಂಗಳುಗಟ್ಟಲೆ ಮಾವನ ಮನೆಯಲ್ಲಿ ಕಾಯಿಸಿದವನು. ಆದರೆ ಅದೆಲ್ಲ ಮನುಷ್ಯರ ಮಾತು. ಕಬ್ಬಿಣಕ್ಕೂ ನೆಗಡಿಯಾಗುತ್ತದೆಂದು ಅವನಿಗೆ ಹೊಳೆದಿರಲಿಲ್ಲ. ಉಸಿರಾಡುವ ತೂತುಗಳನ್ನೂ ತಾನೇ ಗಿಡಿದಿದ್ದ. ಮಣ್ಣು ಒದ್ದೆ ಎಂದು ಹೇಳಿದವನನ್ನು ಊಟವಿಲ್ಲದೆ ಕಳಿಸಿದ್ದ.

"ಎರಡು ಗಂಟೆವರೆಗೂ ಇರ್ತೀನಿ," ಎಂದಳು ಯೊಲಿಮಾ, ಅನಾಯಿಸಳ ಕಡೆ ನೋಡದೆ. "ಒಣ ಜಾಗ ಬೇರೆ ಎಲ್ಲಾದ್ರೂ ಇದ್ರೆ ಹೇಳಿ. ಭದ್ರವಾಗಿಯೂ ಇರ್ಬೇಕು, ಒಣಗೂ ಇರ್ಬೇಕು."

ಎಲ್ಲರಿಗೂ ಆ ಜಾಗ ಗೊತ್ತಿತ್ತು. ಯಾರೂ ಹೇಳಲಿಲ್ಲ. ಒತೊನಿಯೆಲ್ಲನ ಮನೆಯ ಅಟ್ಟ. ಅಡುಗೆ ಒಲೆಯ ನೇರ ಮೇಲೆ, ಹಗಲಿಡೀ ಬಿಸಿ ಏರುವ, ವರ್ಷದ ಮೆಕ್ಕೆಜೋಳ ತೆನೆ ತೆನೆಯಾಗಿ ತೂಗುವ ಅಟ್ಟ. ಏಣಿಯನ್ನು ಮೇಲಕ್ಕೆಳೆದು ಕದ ಮುಚ್ಚಿದರೆ ಇಲಿ ಕೂಡ ಹತ್ತಲಾರದು. ಕದ ಮಾಡಿದ್ದು ಅವನದೇ ಕೈ. ಅಂಥದ್ದು ಊರಲ್ಲಿ ಇನ್ನೊಂದಿರಲಿಲ್ಲ.

ಅನಾಯಿಸ್ ಅಪ್ಪನನ್ನೇ ನೋಡುತ್ತಿದ್ದಳು. "ನಾನು ಹೋಗಿ ಕೇಳಲಾ?" ಎಂದಳು ಮೆಲ್ಲಗೆ. "ನಾನು ಕೇಳಿದ್ರೆ ಇಲ್ಲ ಅನ್ನಲ್ಲ ಅವರು."

ಹೌದು, ಇಲ್ಲ ಅನ್ನುತ್ತಿರಲಿಲ್ಲ. ಅದೇ ಪಾರ್ಮೆನಿಯೊನನ್ನು ಕುಕ್ಕಿದ್ದು.

"ಬೇಡ ಮಗಳೇ. ನಾನೇ ಹೋಗ್ತೀನಿ."

ದಿಮ್ಮಸನ್ನು ಹೆಗಲಿಗೇರಿಸಿದ. ಹದಿನೈದು ದಿನದ ಮಳೆಗೆ ಹಿಡಿ ಕಪ್ಪಾಗಿತ್ತು. ನೀಲಗಿರಿ ಸಾಲಿನ ಪಕ್ಕದ ಕಾಲುದಾರಿಯಲ್ಲಿ ಹತ್ತುತ್ತ ಪದ ಕೂಡಿಸಲು ನೋಡಿದ. ಪದದಲ್ಲಿ ಆಡಿದ್ದನ್ನು ಪದದಲ್ಲೇ ಹಿಂದೆ ತೆಗೆದುಕೊಳ್ಳಬೇಕು. ಒಂದು ಸಾಲು ಬಂತು. ಬೇಲಿಯ ಹತ್ತಿರ ಎರಡನೆಯದು. ತೊರೆ ದಾಟುವಾಗ ಮೂರನೆಯದು. ನಾಲ್ಕನೆಯದು ಬರಲಿಲ್ಲ. ಅಂಗಳ ಬಂತು, ಆಗಲೂ ಬರಲಿಲ್ಲ.

ಒತೊನಿಯೆಲ್ ಜಗಲಿಯಲ್ಲಿ ಕುಳಿತು ನೊಗವೊಂದನ್ನು ಕೀಸುತ್ತಿದ್ದ. ಭಾನುವಾರ ಕೆಲಸ ಮಾಡುವವನಲ್ಲ. ಕೈ ಸುಮ್ಮನಿರಲಾರದೆ ಹಿಡಿದಿದ್ದ ಎಂದು ಪಾರ್ಮೆನಿಯೊಗೆ ಗೊತ್ತಾಯಿತು.

"ನಿಮ್ಮ ದಿಮ್ಮಸು," ಎಂದ ಪಾರ್ಮೆನಿಯೊ, ಕಂಬಕ್ಕೆ ಒರಗಿಸಿ.

"ಹೂಂ."

"ಗೋಡೆ ಬೆವರ್ತಿದೆ."

"ಬೆವರ್ದೆ ಏನ್ ಮಾಡುತ್ತೆ."

"ಆ ಸಂಘದ ಹೆಣ್ಮಗಳು ಕೂತಿದ್ದಾಳೆ. ಎರಡು ಗಂಟೆಗೆ ಸೈಕಲ್ ತಗೊಂಡು ತೊಪಾಗಾಕ್ಕೆ ಹೋಗ್ತಾಳಂತೆ."

ಒತೊನಿಯೆಲ್ ಕೀಸುಳಿಯ ಬಾಯಿಗೆ ಸಿಕ್ಕಿದ ಸಿಪ್ಪೆಯನ್ನು ಊದಿದ. ಪಾರ್ಮೆನಿಯೊ ಟೋಪಿ ತೆಗೆದ. ಗೋಡೆ ಕುಟ್ಟುವಾಗಿನ ದನಿ ಬರಲಿಲ್ಲ, ಪ್ರಾರ್ಥನೆ ಹೇಳುವಾಗಿನ ದನಿ ಬಂತು:

ಬಲ್ಲೆನೆಂದು ಮೆರೆದೆನು ಬಾಗಿಲ ಮುಂದೆ,
ಎಲ್ಲರಿಗು ಗುಟ್ಟನು ಹಂಚಿದೆನು ನಾನೆ ಹಿಂದೆ;
ಕಲ್ಲಂಥ ಮಾತೆಸೆದ ನನಗೆಡೆಯು ಇನ್ನೆಲ್ಲಿ—

ಅಲ್ಲಿಗೆ ನಿಂತಿತು.

ಒಳಗೆ ಒಲೆಯಲ್ಲಿ ಸೌದೆ ಚಟಪಟಿಸಿತು. ಕೆಳಗೆ ಕಣಿವೆಯಲ್ಲಿ ಯಾವುದೋ ಮನೆಯ ರೇಡಿಯೊದಲ್ಲಿ ಸೈಕಲ್ ರೇಸಿನ ವರದಿ ಹೇಳುತ್ತಿದ್ದವನ ಕೂಗು ತೆಳ್ಳಗೆ ಬಂದು ಹೋಯಿತು. ಒತೊನಿಯೆಲ್ ನೊಗವನ್ನು ತಿರುಗಿಸಿದ. ಇನ್ನೊಂದು ಸಿಪ್ಪೆ ತೆಗೆದ. ಮತ್ತೊಂದು. ಪಾರ್ಮೆನಿಯೊ ಟೋಪಿಯ ಅಂಚನ್ನು ಬೆರಳಲ್ಲಿ ಸುತ್ತುತ್ತ ನಿಂತಿದ್ದ. ಇಷ್ಟಕ್ಕೂ ಇವನು ಸಾಲು ತುಂಬದೆ ಸುಮ್ಮನಿದ್ದರೂ ಅದು ನ್ಯಾಯವಾದದ್ದೇ ಎಂದುಕೊಂಡ, ಟೋಪಿ ಹಾಕಿಕೊಳ್ಳಲು ಕೈ ಎತ್ತಿದ.

"ಮೆಲ್ಲಗೆ ಏರಿಸಿ," ಎಂದ ಒತೊನಿಯೆಲ್, ನೊಗದ ಮೇಲಿನಿಂದ ಕಣ್ಣೆತ್ತದೆ, ಪದದ ಲಯಕ್ಕೆ ಸರಿಯಾಗಿ, "ಜೋಳ ಚೆಲ್ಲದಿರಲಿ ಅಟ್ಟದಲ್ಲಿ."

ಪಾರ್ಮೆನಿಯೊ ಎತ್ತಿದ ಟೋಪಿಯನ್ನು ಮತ್ತೆ ಎದೆಯ ಹತ್ತಿರಕ್ಕೆ ಇಳಿಸಿದ.

"ನಿಂತೇ ಇರ್ತೀರಾ? ಏಣಿ ಹಿಡೀರಿ ಬನ್ನಿ, ಕೊಂಪಾದ್ರೆ. ನನ್ನ ಮೊಣಕಾಲು ಸುಳ್ಳು ಹೇಳಲ್ಲ. ಗರಿಗಳ ಭಾನುವಾರವೂ ಹೇಳಿರ್ಲಿಲ್ಲ."

"ಗೊತ್ತು," ಎಂದ ಪಾರ್ಮೆನಿಯೊ.

"ಈಗ ಗೊತ್ತು."

"ಈಗ ಗೊತ್ತು," ಎಂದು ಒಪ್ಪಿಕೊಂಡ.

ಯೊಲಿಮಾ ಅಟ್ಟ ಹತ್ತಿ ನೋಡಿದಳು. ತೆನೆಗಳ ನಡುವೆ ಅಂಗೈ ಆಡಿಸಿದಳು, ಕದದ ಜೋಡಣೆಯ ಮೇಲೆ ಬೆರಳು ಓಡಿಸಿದಳು, ಕೆಳಗಿಳಿದು ಜೀಪಿನ ಕಡೆ ನಡೆದಳು. ಎರಡು ಗಂಟೆಗೆ ಇನ್ನೂ ಹತ್ತು ನಿಮಿಷವಿದ್ದಾಗ ಬಿಳಿ ಸೈಕಲ್ಲು ಹಗ್ಗದಲ್ಲಿ ತೂಗುತ್ತ, ಒಂದೊಂದೇ ಮೆಟ್ಟಿಲು, ಜೋಳದ ನಡುವೆ ಏರಿತು. ಕೆಳಗೆ ಏಣಿ ಹಿಡಿದವನು ಪಾರ್ಮೆನಿಯೊ, ಮೇಲೆ ಹಗ್ಗ ಎಳೆದವನು ಒತೊನಿಯೆಲ್. ಅನಾಯಿಸ್ ನಡುವೆ ನಿಂತು ಚಕ್ರ ಗೋಡೆಗೆ ತಾಗದಂತೆ ಕೈ ಅಡ್ಡ ಹಿಡಿದಿದ್ದಳು. ಒಂದು ತೆನೆ ಮಾತ್ರ ಉದುರಿ ಪಾರ್ಮೆನಿಯೊನ ತಲೆಯ ಮೇಲೆ ಬಿತ್ತು.

"ಅದು ಚೆಲ್ಲಿದ್ದಲ್ಲ, ನಾನೇ ಹಾಕಿದ್ದು," ಎಂಬ ದನಿ ಮೇಲಿನಿಂದ ಬಂತು.

ಸಂಜೆ ಒತೊನಿಯೆಲ್ ಕೆಳಗಿಳಿದು ಬಂದು ಕೋಣೆ ನೋಡಿದ. ಬಾಗಿಲ ಮುಂದೆ ಬಹಳ ಹೊತ್ತು ನಿಂತ.

"ಇದನ್ನ ಮಾಡಿದ್ದು 'ಬಾಗಿಲು' ಅಂತಾನಾ?"

"ಬಡಗಿ ಸಿಗ್ಲಿಲ್ಲ," ಎಂದ ಪಾರ್ಮೆನಿಯೊ.

"ನೋಡಿದ್ರೇ ಗೊತ್ತಾಗುತ್ತೆ."

ಅವರಿಬ್ಬರೂ ಸೇರಿ ಗೋಡೆಯ ತೂತುಗಳಿಗೆ ಮೆತ್ತಿದ್ದ ಮಣ್ಣು ಕೆತ್ತಿ, ಗಿಡಿದಿದ್ದ ಕಲ್ಲು ಹೊಡೆದು ತೆಗೆದರು. ಒಂದೊಂದು ತೂತಿಗೂ ಒತೊನಿಯೆಲ್ ಬೆರಳು ಗಾತ್ರದ ವಾಲ್ನಟ್ ಕಂಬಿ ಕೂರಿಸಿದ, ಗಾಳಿ ಬರಲಿ, ಕೈ ಬಾರದಿರಲಿ ಎಂದು. ರೊಸಾಲ್ಬಿನಾ ಆ ಶನಿವಾರದ್ದೇ ಅಡುಗೆ ಮತ್ತೆ ಮಾಡಿದ್ದಳು, ಗೋಧಿನುಚ್ಚಿನ ಗಂಜಿ, ಬೆನ್ನೆಲುಬು ಹಾಕಿ. ಒತೊನಿಯೆಲ್ ಎರಡು ಸಲ ಬಡಿಸಿಕೊಂಡ; ಒಂದು ಆವತ್ತಿನದು, ಒಂದು ಇವತ್ತಿನದು ಎಂದ.

ಹಿತ್ತಲ ಅಗುಳಿಯನ್ನು ಯಾರೂ ಬದಲಿಸಲಿಲ್ಲ. ಕಳುವಾದ ಸೈಕಲ್ಲನ್ನು ಒಯ್ದವರು ಯಾರೆಂಬುದು ಕೊನೆಗೂ ತಿಳಿಯಲಿಲ್ಲ. ಪಾರ್ಮೆನಿಯೊ ಜಪಸರ ಹಿಡಿದಾಗ ಅವರಿಗೂ ಒಂದು ಮಣಿ ಎಣಿಸುತ್ತಿದ್ದ, ಯಾರೆಂದು ಯೋಚಿಸದೆ.

ಅನಾಯಿಸ್ ದಿನಾ ಬೆಳಿಗ್ಗೆ ಜ್ಞಾನತಂದೆಯ ಮನೆಗೆ ಹತ್ತಿ, ಹೊಗೆಯ ಮತ್ತು ಜೋಳದ ವಾಸನೆಯ ಸೈಕಲ್ಲನ್ನು ಇಳಿಸಿಕೊಂಡು ಘಟ್ಟಕ್ಕೆ ಹೋಗುತ್ತಿದ್ದಳು. ಜೂನ್ ತಿಂಗಳ ರೇಸಿನಲ್ಲಿ ಐದನೆಯವಳಾಗಿ ಬಂದಳು. ಒತೊನಿಯೆಲ್ ಪ್ರತಿ ಭಾನುವಾರ ಪೂಜೆ ಮುಗಿಸಿ ಕೆಳಗೆ ಬಂದು, ಕೋಣೆಯೊಳಗೆ ಹೋಗಿ, ಅಂಗೈಯನ್ನು ಗೋಡೆಗೆ ಒತ್ತಿ ನೋಡಿ, "ಇನ್ನೂ ಇಲ್ಲ," ಎಂದು ಹೊರಬರುತ್ತಿದ್ದ. ಆಮೇಲೆ ಊಟ.

ಆಗಸ್ಟ್ ಗಾಳಿ ಬಂತು. ಗಾಳಿಪಟಗಳು ಕಣಿವೆಯ ಮೇಲೆ ಎದ್ದವು. ಒಂದು ಭಾನುವಾರ ಪಾರ್ಮೆನಿಯೊ ಅವನಿಗಿಂತ ಮೊದಲೇ ಹೋಗಿ ಗೋಡೆಗೆ ಕೈಯಿಟ್ಟು ನೋಡಿದ. ಅಂಗೈಗೆ ಬೆಚ್ಚಗಿನ ಒಣ ಪುಡಿ ಅಂಟಿತು. ತುಕ್ಕು ಹಿಡಿದದ್ದನ್ನು ಕಿತ್ತು ಹಾಕಿದ್ದ ಹೊಸ ಚಿಲಕದ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ.

ಒತೊನಿಯೆಲ್ ಬಂದ. ಒಳಗೆ ಹೋದ. ಅಂಗೈ ಒತ್ತಿದ. ತುಂಬ ಹೊತ್ತು ಹಾಗೇ ನಿಂತಿದ್ದ. ಆಮೇಲೆ ಕೈ ತೆಗೆದು, ಅಂಗೈ ನೋಡಿಕೊಳ್ಳದೆ, ಪ್ಯಾಂಟಿಗೆ ಒರೆಸಿಕೊಂಡ.

"ಇನ್ನೂ ಸ್ವಲ್ಪ ತೇವ ಇದೆ, ಕೊಂಪಾದ್ರೆ. ಇನ್ನೊಂದು ತಿಂಗಳು ಹೋಗ್ಲಿ."

ಪಾರ್ಮೆನಿಯೊ ತನ್ನ ಅಂಗೈಯ ಪುಡಿಯನ್ನು ಕಂಬಳಿಯೊಳಗೇ ಉದುರಿಸಿಕೊಂಡ.

"ಹೌದು," ಎಂದ. "ನನಗೂ ಹಾಗೇ ಅನ್ನಿಸ್ತು. ಬನ್ನಿ, ಗಂಜಿ ಆರ್ತಿದೆ."